ಬಸುರಿನಲ್ಲಿ ರಿಪೋರ್ಟ್‌ಗೆ ಕಾಯುವುದು ಹೇಗೆ: ಟೊಮೆಟೊ ಮಂಡಿ ಲೆಕ್ಕದವಳ 28 ದಿನ

2023ರ ಜುಲೈ. ಕೋಲಾರದ ಎಪಿಎಂಸಿಯಲ್ಲಿ 15 ಕೆಜಿ ಟೊಮೆಟೊ ಬಾಕ್ಸು 2,000 ರೂಪಾಯಿ ದಾಟಿದ ತಿಂಗಳು. ಟಿವಿಯವರು ಮೈಕ್ ಹಿಡಿದು ಮಂಡಿ ಮಂಡಿ ಸುತ್ತುತ್ತಿದ್ದರು. ನಾನು ಒಳಗೆ ಕೂತು ರೈತರಿಗೆ ಬಿಲ್ಲು ಬರೆಯುತ್ತಿದ್ದೆ. ಎಲ್ಲರ ಬಾಯಲ್ಲೂ 2,000, 2,200. ನನ್ನ ತಲೆಯಲ್ಲಿ ಮಾತ್ರ ಬೇರೆ ಸಂಖ್ಯೆ. 180.

ನನಗೆ ಆಗ 36. ಮೊದಲ ಮಗಳಿಗೆ 9 ತುಂಬಿದ ಮೇಲೆ ನಿಂತ ಬಸುರು. ಜುಲೈ 6ಕ್ಕೆ, 12 ವಾರ ತುಂಬಿದ ಮೇಲೆ, ಎನ್‌ಟಿ ಸ್ಕ್ಯಾನ್, ಅಂದರೆ ಮಗುವಿನ ಕತ್ತಿನ ಹಿಂದೆ ಅಳೆಯುವ ಸ್ಕ್ಯಾನ್, ಆಯಿತು. ಅದೇ ದಿನ ಡಬಲ್ ಮಾರ್ಕರ್‌ಗೆ ರಕ್ತ ಕೊಟ್ಟೆ. ನಾಲ್ಕು ದಿನಕ್ಕೆ ರಿಪೋರ್ಟ್ ಬಂತು: ಡೌನ್ ಸಿಂಡ್ರೋಮ್‌ಗೆ 180ರಲ್ಲಿ 1, ಹೈ ರಿಸ್ಕ್. (ಡೌನ್ ಸಿಂಡ್ರೋಮ್ ಅಂದರೆ ಮಗುವಿನಲ್ಲಿ ಕ್ರೋಮೋಸೋಮ್, ಅಂದರೆ ವಂಶಗುಣ ಹೊತ್ತ ಎಳೆ, ಒಂದು ಹೆಚ್ಚಿರುವುದು. ಅದರಿಂದ ಬೆಳವಣಿಗೆ, ಕಲಿಕೆ ನಿಧಾನ.) ಅಲ್ಲಿಂದ ಮುಂದೆ ಇನ್ನೊಂದು ಪರೀಕ್ಷೆ, ಅದಕ್ಕೊಂದು ಅಡ್ಡಿ. ಕೊನೆಯ ಉತ್ತರ ಕೈಗೆ ಬಂದದ್ದು ಆಗಸ್ಟ್ 3ಕ್ಕೆ. ಒಟ್ಟು 28 ದಿನ.

ಮೊದಲೇ ಹೇಳಿಬಿಡುತ್ತೇನೆ, ನಾನು ಡಾಕ್ಟರ್ ಅಲ್ಲ. ಈ 28 ದಿನದಲ್ಲಿ ತಪ್ಪು ಮಾಡಿ ಮಾಡಿ ಕಲಿತದ್ದನ್ನು ಬರೆಯುತ್ತಿದ್ದೇನೆ, ಅಷ್ಟೇ. ಕಾಯುವುದನ್ನು ತಪ್ಪಿಸೋಕೆ ಆಗಲ್ಲ. ಆದರೆ ಎಷ್ಟು ದಿನ ಕಾಯಬೇಕು, ಯಾರು ಫೋನ್ ಮಾಡ್ತಾರೆ, ಆಮೇಲೆ ಏನು, ಇಷ್ಟು ಗೊತ್ತಿದ್ದರೆ ಹೊರೆ ಅರ್ಧ ಇಳಿಯುತ್ತೆ. ನನಗೆ ಮೊದಲ ಸಲ ಇದರಲ್ಲಿ ಒಂದೂ ಗೊತ್ತಿರಲಿಲ್ಲ.

ಸೂಜಿ ತೆಗೆದ ತಕ್ಷಣ ಎದ್ದು ಬರಬೇಡಿ

ರಕ್ತ ತೆಗೆದ ಹುಡುಗಿ ಹತ್ತಿ ಒತ್ತಿ "ಆಯ್ತು ಮೇಡಂ, ರಿಪೋರ್ಟ್ ವಾಟ್ಸಾಪ್‌ಗೆ ಬರುತ್ತೆ" ಅಂದಳು. ನಾನೂ ತಲೆ ಆಡಿಸಿ ಬಂದೆ. ಅದೇ ಮೊದಲ ತಪ್ಪು. ಮಂಡಿಯಲ್ಲಿ ಒಂದು ಲೋಡು ಹೊರಟರೂ ಯಾವ ಗಾಡಿ, ಎಷ್ಟು ಹೊತ್ತಿಗೆ ಬಿಡುತ್ತೆ, ಎಲ್ಲಿಗೆ ಹೋಗುತ್ತೆ ಅಂತ ಬರೆದುಕೊಳ್ಳುವವಳು ನಾನು. ನನ್ನ ರಕ್ತದ ವಿಷಯದಲ್ಲಿ ಒಂದು ಮಾತು ಕೇಳಲಿಲ್ಲ.

ಅಲ್ಲೇ ಕುರ್ಚಿಯಲ್ಲಿ ಕೂತು ಇಷ್ಟು ಕೇಳಿ. ಸ್ಯಾಂಪಲ್ ಇವತ್ತೇ ಹೊರಡುತ್ತಾ, ನಾಳೆಯಾ? ನಮ್ಮೂರಿನಲ್ಲಿ ಇಂಥ ಪರೀಕ್ಷೆಗಳಿಗೆ ರಕ್ತ ಸಾಮಾನ್ಯವಾಗಿ ಬೆಂಗಳೂರಿಗೆ ಹೋಗುತ್ತೆ, ಕೆಲವು ಅಲ್ಲಿಂದಲೂ ಮುಂದಕ್ಕೆ. "7ರಿಂದ 10 ದಿನ" ಅನ್ನೋದು ನಾನು ರಕ್ತ ಕೊಟ್ಟ ದಿನದಿಂದಲೋ, ಲ್ಯಾಬಿಗೆ ತಲುಪಿದ ದಿನದಿಂದಲೋ? ಭಾನುವಾರ ಅದರಲ್ಲಿ ಸೇರಿದೆಯಾ? ರಿಪೋರ್ಟ್ ಮೊದಲು ಯಾರಿಗೆ ಬರುತ್ತೆ, ನನಗೋ ಡಾಕ್ಟರಿಗೋ? ಹೇಳಿದ ದಿನಕ್ಕೆ ಬರದಿದ್ದರೆ ಯಾವ ನಂಬರಿಗೆ ಫೋನ್ ಮಾಡಬೇಕು? ಉತ್ತರಗಳನ್ನು ತಾಯಿ ಕಾರ್ಡ್ ಹಿಂದೆ ಬರೆದುಕೊಳ್ಳಿ. ಆಸ್ಪತ್ರೆಗೆ ಹೋದಾಗೆಲ್ಲ ಆ ಕಾರ್ಡು ಜೊತೆಗೇ ಇರುತ್ತೆ, ಕಳೆಯಲ್ಲ.

ಹೇಳಿದ ಕೊನೆಯ ದಿನಕ್ಕೆ ಇನ್ನೂ ಎರಡು ದಿನ ಸೇರಿಸಿ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ. ಆ ದಿನದವರೆಗೆ ಫೋನ್ ಬರದಿದ್ದರೆ ಅದಕ್ಕೆ ಯಾವ ಅರ್ಥವೂ ಇಲ್ಲ. "ತಡ ಆಯ್ತು ಅಂದ್ರೆ ಏನೋ ಇದೆ" ಅಂತ ಮನಸ್ಸು ಹೇಳುತ್ತೆ. ಕೊರಿಯರ್ ಹುಡುಗನಿಗೆ ನಮ್ಮ ಹೊಟ್ಟೆಯೊಳಗೆ ಏನಿದೆ ಅಂತ ಗೊತ್ತಿರಲ್ಲ.

ಸ್ಕ್ಯಾನ್ ಮಾಡುವವರ ಮುಖ ನೋಡಿ ಅರ್ಥ ಹುಡುಕುವುದನ್ನೂ ಬಿಡಿ. ನನ್ನ ಎನ್‌ಟಿ ಸ್ಕ್ಯಾನಿನಲ್ಲಿ ಡಾಕ್ಟರು ಹತ್ತು ನಿಮಿಷ ಒಂದು ಮಾತೂ ಆಡಲಿಲ್ಲ. ನನಗೆ ಬೆವರು. ಆಮೇಲೆ ಗೊತ್ತಾಯಿತು, ಮಗುವಿನ ಕತ್ತಿನ ಹಿಂದಿನ ನೀರಿನ ಪದರವನ್ನು ಮಿಲಿಮೀಟರ್ ಲೆಕ್ಕದಲ್ಲಿ ಅಳೀಬೇಕು, ಅದಕ್ಕೆ ಮಗು ಸರಿಯಾದ ಭಂಗಿಗೆ ಬರಬೇಕು. ನಮ್ಮ ಮಗು ಬರಲೊಲ್ಲದು. ಅವರು ಕೆಲಸ ಮಾಡುತ್ತಿದ್ದರು, ಅಷ್ಟೇ.

"ಅಮ್ಮ, ಹೈ ರಿಸ್ಕ್ ಅಂದ್ರೆ ಏನು?"

ಡಬಲ್ ಮಾರ್ಕರ್ ರಿಪೋರ್ಟ್ ಬಂದದ್ದು ಸೋಮವಾರ ರಾತ್ರಿ 8.40ಕ್ಕೆ. ಮುದ್ದೆ ತೊಳಸುತ್ತಿದ್ದೆ. ಫೋನು ಮಗಳ ಕೈಯಲ್ಲಿತ್ತು. ಲ್ಯಾಬಿನವರು ಡಾಕ್ಟರಿಗೂ ಹೇಳದೆ, ನನಗೂ ಒಂದು ಫೋನ್ ಮಾಡದೆ ಪಿಡಿಎಫ್ ಕಳಿಸಿಬಿಟ್ಟಿದ್ದರು. ಕೆಂಪು ಅಕ್ಷರದಲ್ಲಿ ಹೈ ರಿಸ್ಕ್. ಅವರ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ.

ಮಗಳು ಓದಿ ಕೇಳಿದಳು, "ಅಮ್ಮ, ಹೈ ರಿಸ್ಕ್ ಅಂದ್ರೆ ಏನು?" ಏನೋ ಹೇಳಬೇಕಲ್ಲ ಅಂತ ಹೇಳಿದೆ: "ಇನ್ನೊಂದು ಟೆಸ್ಟ್ ಮಾಡಿಸಬೇಕು ಅಂತ." ಅವಳು ಸರಿ ಅಂತ ಆಟಕ್ಕೆ ಹೋದಳು. ಮಾರನೇ ದಿನ ಡಾಕ್ಟರು ಅರ್ಧ ಗಂಟೆ ಕೂರಿಸಿಕೊಂಡು ವಿವರಿಸಿದ್ದೂ ಅದನ್ನೇ. ಆ ಎರಡು ಪದಕ್ಕೆ ಅಷ್ಟೇ ಅರ್ಥ. ರಾತ್ರಿಯೆಲ್ಲ ನಿದ್ದೆಗೆಟ್ಟು ಅತ್ತದ್ದು ಬೇರೆ ಯಾವುದೋ ಅರ್ಥಕ್ಕೆ.

ಈ ಸಂಖ್ಯೆ ಹೇಗೆ ಬರುತ್ತೆ ಅಂತ ತಿಳಿದುಕೊಳ್ಳಿ, ಭಯ ಕಡಿಮೆ ಆಗುತ್ತೆ. ತಾಯಿಯ ವಯಸ್ಸು, ಸ್ಕ್ಯಾನಿನ ಅಳತೆ, ರಕ್ತದಲ್ಲಿ ಎರಡು ಅಂಶದ ಮಟ್ಟ, ಇದೆಲ್ಲ ಕಂಪ್ಯೂಟರಿಗೆ ಹಾಕಿ ಒಂದು ಅಂದಾಜು ತೆಗೀತಾರೆ. ಮಗುವಿನ ಕ್ರೋಮೋಸೋಮನ್ನು ಯಾರೂ ನೋಡಿರಲ್ಲ. ಬರೀ ವಯಸ್ಸಿನ ಲೆಕ್ಕದಲ್ಲೇ 25ರ ತಾಯಿಗೆ ಸುಮಾರು 1,250ರಲ್ಲಿ 1 ಇರುವ ಸಾಧ್ಯತೆ, 35ಕ್ಕೆ ಸುಮಾರು 350ರಲ್ಲಿ 1, 40ಕ್ಕೆ 100ರಲ್ಲಿ 1. ಹಾಗಾಗಿ ನನ್ನ 180ರಲ್ಲಿ ವಯಸ್ಸಿನ ಪಾಲೇ ದೊಡ್ಡದಿತ್ತು. ಬಹಳ ಕಡೆ 250ರಲ್ಲಿ 1ರ ಹತ್ತಿರ ಗೆರೆ ಎಳೆದಿರುತ್ತಾರೆ. ಸಾಧ್ಯತೆ ಅದಕ್ಕಿಂತ ಹೆಚ್ಚಿದ್ದರೆ ಕೆಂಪು ಅಕ್ಷರ.

ಮಾರನೇ ದಿನ ಮಂಡಿಯಲ್ಲಿ ಒಂದು ಕ್ಯಾಂಟರ್‌ಗೆ ಲೋಡು ಹಾಕುತ್ತಿದ್ದರು. ಸುಮ್ನೆ ಎಣಿಸುತ್ತಾ ನಿಂತೆ. 180 ಬಾಕ್ಸು ಅಂದ್ರೆ ಎಷ್ಟು ಅಂತ ಆವತ್ತು ಕಣ್ಣಾರೆ ನೋಡಿದೆ. ಹಮಾಲರು ಬೆವರು ಒರೆಸಿಕೊಳ್ಳುವಷ್ಟು ಹೊತ್ತು ಹಿಡಿಯಿತು. ಅಷ್ಟರಲ್ಲಿ ಒಂದೇ ಒಂದು ಬಾಕ್ಸಿಗೆ ಹಳದಿ ದಾರ ಕಟ್ಟಿದೆ, ಕಣ್ಣು ಮುಚ್ಚಿ ಒಂದು ಬಾಕ್ಸು ಮುಟ್ಟಬೇಕು. ದಾರ ಸಿಗಲಾರದು ಅಂತಲ್ಲ. ಸಿಗದೇ ಇರೋದು 179 ಸಲ. (ಮೊದಲು ಕೊಳೆತ ಹಣ್ಣಿನ ಬಾಕ್ಸು ಅಂತ ಹೇಳಿದ್ದೆ. ನಮ್ಮನೆಯವರು ಬೈದರು, "ಮಗುವನ್ನು ಹಾಗನ್ನಬೇಡ" ಅಂತ. ಸರಿಯಾಗೇ ಬೈದರು. ನಮ್ಮ ಬೀದಿಯಲ್ಲೇ ಡೌನ್ ಸಿಂಡ್ರೋಮ್ ಇರುವ ಹುಡುಗನಿದ್ದಾನೆ. ಅಪ್ಪನ ಅಂಗಡಿಯಲ್ಲಿ ಬ್ರೆಡ್ಡು, ಹಾಲು ಎತ್ತಿ ಕೊಡುತ್ತಾನೆ, ಎಲ್ಲರ ಹೆಸರೂ ಅವನಿಗೆ ಗೊತ್ತು. ಅದಕ್ಕೇ ದಾರ.)

ನಿಮ್ಮ ಸಂಖ್ಯೆ ಏನೇ ಇರಲಿ, ಅದನ್ನು ಕಣ್ಣಿಗೆ ಕಾಣುವ ವಸ್ತುವಿನಲ್ಲಿ ಎಣಿಸಿ ನೋಡಿ. ಹುಣಸೆ ಬೀಜ, ಅವರೆಕಾಳು, ಏನಾದರೂ ಸರಿ. ಕಾಗದದ ಮೇಲಿನ 180 ಬೇರೆ, ಮೊರದ ಮೇಲಿನ 180 ಬೇರೆ.

ಯಾರ ಫೋನಿಗೆ ಬರಬೇಕು?

ಡಾಕ್ಟರು ಎನ್‌ಐಪಿಟಿ ಮಾಡಿಸೋಣ ಅಂದರು. ಅದೂ ತಾಯಿಯ ತೋಳಿನ ರಕ್ತವೇ, ಆದರೆ ಅದರಲ್ಲಿ ತೇಲುವ ಡಿಎನ್‌ಎ ಚೂರುಗಳನ್ನು ನೋಡ್ತಾರೆ. 10ನೇ ವಾರದಿಂದ ಮಾಡಬಹುದು. ಡೌನ್ ಸಿಂಡ್ರೋಮ್ ಇದ್ದರೆ 100ಕ್ಕೆ ಸುಮಾರು 99 ಸಲ ಹಿಡಿಯುತ್ತೆ. ನನಗೆ 14,000 ಬಿತ್ತು, ದುಡ್ಡು ಹೊಂದಿಸೋಕೆ ಮೂರು ದಿನ ಬೇಕಾಯಿತು. ಜುಲೈ 14ರ ಶುಕ್ರವಾರ ರಕ್ತ ಕೊಟ್ಟೆ. ಚಂದ್ರಯಾನ 3 ಹಾರಿದ ದಿನ. ಲ್ಯಾಬಿನ ಟಿವಿ ಮುಂದೆ ಎಲ್ಲರೂ ನಿಂತು ಚಪ್ಪಾಳೆ ಹೊಡೆಯುತ್ತಿದ್ದರು, ನನ್ನ ತೋಳು ಹಿಡಿದಿದ್ದ ಹುಡುಗಿ ಕೂಡ ಆ ಕಡೆಯೇ ತಿರುಗಿದ್ದಳು.

ಈ ಸಲ ಫಾರಂನಲ್ಲಿ ನನ್ನ ನಂಬರ್ ಬರೆಯಲಿಲ್ಲ. ಮಾಲೂರಿನಲ್ಲಿರುವ ಅಕ್ಕನ ನಂಬರ್ ಬರೆದೆ, ಡಾಕ್ಟರಿಗೂ ಹೇಳಿದೆ. ನಮ್ಮನೆಯವರು ನರಸಾಪುರದ ಫ್ಯಾಕ್ಟರಿಯಲ್ಲಿ ಶಿಫ್ಟ್ ಕೆಲಸ, ಒಳಗೆ ಹೋದರೆ ಫೋನು ಲಾಕರಿನಲ್ಲಿ. ಅವರಿಗೆ ಬಂದರೆ ಸಂಜೆವರೆಗೆ ಗೊತ್ತೇ ಆಗಲ್ಲ. ನನಗೆ ಬಂದರೆ ಹರಾಜಿನ ಗಲಾಟೆ ಮಧ್ಯೆ. ಅಕ್ಕನ ಜೊತೆ ಒಪ್ಪಂದ ಹೀಗಿತ್ತು: ರಿಪೋರ್ಟ್ ಬಂದರೆ ಅವಳು ಮೊದಲು ಡಾಕ್ಟರಿಗೆ ಫೋನ್ ಮಾಡಬೇಕು, ಅರ್ಥ ತಿಳಿದುಕೊಳ್ಳಬೇಕು. ಆಮೇಲೆ ನನಗೆ ಬಾಯಲ್ಲೇ ಹೇಳಬೇಕು. ಮೆಸೇಜ್ ಇಲ್ಲ. ರಾತ್ರಿ 8ರ ಮೇಲೆ ಬಂದರೆ ಬೆಳಿಗ್ಗೆವರೆಗೆ ತೆರೆಯುವ ಹಾಗಿಲ್ಲ, ಒಳ್ಳೆಯದಾಗಿರಲಿ ಕೆಟ್ಟದ್ದಾಗಿರಲಿ. ರಾತ್ರಿ ಗೊತ್ತಾದರೆ ಯಾವ ಡಾಕ್ಟರು ಸಿಗ್ತಾರೆ?

ಕೆಲವರಿಗೆ ಇದು ಒಪ್ಪಿಗೆ ಆಗಲ್ಲ. "ನನ್ನ ರಿಪೋರ್ಟ್, ನಾನೇ ಮೊದಲು ನೋಡಬೇಕು" ಅಂತಾರೆ. ಹಾಗಿದ್ದರೆ ನೀವೇ ನೋಡಿ. ಆದರೆ ಯಾವ ಜಾಗದಲ್ಲಿ ಕೂತು, ಯಾರ ಪಕ್ಕ ಕೂತು ತೆರೀತೀರಿ ಅಂತ ಮೊದಲೇ ಗೊತ್ತು ಮಾಡಿಕೊಳ್ಳಿ.

ಫೋನ್ ಬರುವುದು ಅಕ್ಕನಿಗೆ ಅಂತ ಆದ ಮೇಲೆ ನನ್ನ ಫೋನಿನ ಸದ್ದಿಗೆ ಎದೆ ಹಾರುವುದು ನಿಂತಿತು. ಇಷ್ಟೂ ದಿನದಲ್ಲಿ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಇದೇ ಒಂದು ಉಪಾಯ.

ಹಗಲಿಗೊಂದು ಪುಟ, ರಾತ್ರಿಗೆ ಲಾಭ

ಯೋಚನೆ ಮಾಡಬೇಡ ಅಂತ ಎಲ್ಲರೂ ಹೇಳ್ತಾರೆ. ಆಗುತ್ತಾ? ನಾನು ಯೋಚನೆಗೂ ಒಂದು ಟೈಮ್ ಇಟ್ಟೆ. ಸಂಜೆ 5.30ರಿಂದ 5.45. ಮಂಡಿಯ ಹಳೆಯ ಪುಸ್ತಕದಲ್ಲಿ ಒಂದು ಪುಟ. ಎಡಕ್ಕೆ ಜಮಾ, ಬಲಕ್ಕೆ ಖರ್ಚು. ಇವತ್ತು ನಾನು ಮಾಡಬಹುದಾದದ್ದು ಜಮಾ ಕಡೆ: ಫೋಲಿಕ್ ಆಸಿಡ್ ಮಾತ್ರೆ ತಗೊಳ್ಳೋದು, ಆಮ್ನಿಯೋಗೆ (ಗರ್ಭದ ನೀರು ತೆಗೆದು ಮಾಡುವ ಪರೀಕ್ಷೆ) ಎಷ್ಟು ದುಡ್ಡು ಅಂತ ಕೇಳೋದು, ಮಗಳ ಶಾಲೆ ಫೀಸು. ನನ್ನ ಕೈಯಲ್ಲಿ ಇಲ್ಲದ್ದು ಖರ್ಚು ಕಡೆ: ರಿಪೋರ್ಟ್ ಏನು ಬರುತ್ತೆ, ಅತ್ತೆ ಏನಂತಾರೆ, ಮಗು ಹೇಗಿರುತ್ತೆ. ಕಾಲು ಗಂಟೆ ಆದ ಮೇಲೆ ಅಡಿಗೆರೆ ಎಳೆದು ಪುಸ್ತಕ ಮುಚ್ಚುತ್ತಿದ್ದೆ. ಹಗಲು 11ಕ್ಕೋ 2ಕ್ಕೋ ಯೋಚನೆ ನುಗ್ಗಿದರೆ "5.30ಕ್ಕೆ ಬಾ" ಅಂತ ಕಳಿಸುತ್ತಿದ್ದೆ. ಮೊದಲ ಮೂರು ದಿನ ಕೇಳಲಿಲ್ಲ. ಆಮೇಲೆ ಸ್ವಲ್ಪ ಸ್ವಲ್ಪ ಕೇಳಿತು.

ರಾತ್ರಿ ಕಷ್ಟ ಬೇರೆ. 2 ಗಂಟೆಗೆ ಎಚ್ಚರ, ಎದೆ ಡವಡವ. ಆಗ ಕೈ ಫೋನಿಗೆ ಹೋಗುತ್ತೆ. ನಾನು ಎರಡು ರಾತ್ರಿ ಹುಡುಕಿ ಹುಡುಕಿ ಯಾವ್ಯಾವುದೋ ದೇಶದ ಯಾರ್ಯಾರದೋ ಕಥೆ ಓದಿದೆ. ಮೂರನೇ ದಿನದಿಂದ ಫೋನನ್ನು ಅಡುಗೆಮನೆಯ ರಾಗಿ ಡಬ್ಬದ ಮೇಲೆ ಇಟ್ಟು ಮಲಗಿದೆ.

ಅದೇ ಡಬ್ಬದಿಂದ ಒಂದು ಉಪಾಯ ಹೊಳೆಯಿತು. ನಮ್ಮಜ್ಜಿ ರಾಗಿ ಅಳೆಯುವಾಗ ಒಂದು ಅಂತ ಅನ್ನುತ್ತಿರಲಿಲ್ಲ. ಮೊದಲ ಸೇರಿಗೆ "ಲಾಭ" ಅನ್ನೋರು. ಲಾಭ, ಎರಡು, ಮೂರು. ನಾನು ಉಸಿರನ್ನು ಹಾಗೆ ಅಳೆದೆ. ಮೂಗಿನಿಂದ ಒಳಗೆ: ಲಾಭ, ಎರಡು, ಮೂರು, ನಾಲ್ಕು. ಹೊರಗೆ ಬಿಡುವಾಗ ಬಿಸಿ ಸಾರು ಆರಿಸುವ ಹಾಗೆ ತುಟಿ ಮುಂದೆ ಮಾಡಿ ನಿಧಾನವಾಗಿ ಆರರವರೆಗೆ. ಬಿಗಿ ಹಿಡಿಯಬಾರದು. ತಗೊಂಡದ್ದಕ್ಕಿಂತ ಬಿಡುವುದು ಉದ್ದ ಇರಬೇಕು, ಆಗ ಎದೆಬಡಿತ ತಾನಾಗಿ ಇಳಿಯುತ್ತೆ. ಹತ್ತು ಸೇರು ಅಳೆದರೆ ಸಾಕು. ಕೆಲವು ರಾತ್ರಿ ಅಳೆದೂ ಅಳೆದೂ ಒಂದು ಪಲ್ಲ ರಾಗಿ ಆಯಿತು, ನಿದ್ದೆ ಬರಲಿಲ್ಲ. ಆಗ ಎದ್ದು ಹಾಲು ಕುಡಿದು ಪಾತ್ರೆ ತೊಳೆದೆ.

ಜನ

ನಮ್ಮತ್ತೆ ಮುಳಬಾಗಿಲ ಕಡೆಯವರು. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ. "ಏಂ ಕಾದ್ಲೇಮ್ಮಾ" ಅಂತ ದಿನಕ್ಕೆ ಹತ್ತು ಸಲ ಅನ್ನೋರು, ಏನೂ ಆಗಲ್ಲ ಅಂತ. ಮೊದಲು ಸಿಟ್ಟು ಬರುತ್ತಿತ್ತು, ನಿಮಗೇನು ಗೊತ್ತು ಅಂತ. ಆವನಿ ಬೆಟ್ಟದ ಸೀತಮ್ಮನಿಗೆ ಹರಕೆ ಹೊತ್ತರು. ಲವಕುಶರು ಹುಟ್ಟಿದ ಜಾಗ ಅಂತ ನಮ್ಮ ಕಡೆ ನಂಬಿಕೆ, ಮಕ್ಕಳಿಗಾಗಿ ಹೆಂಗಸರು ಹೋಗ್ತಾರೆ. ನಾನು ಬೇಡ ಅನ್ನಲಿಲ್ಲ. ಅವರಿಗೂ ಕಾಯೋಕೆ ಏನಾದರೂ ಬೇಕಲ್ವಾ?

ಆದರೆ ಒಂದು ಮಾತಿಗೆ ಮಾತ್ರ ಬಾಗಿಲು ಹಾಕಿ. "ನೀನು ಹೀಗೆ ಯೋಚನೆ ಮಾಡಿದ್ರೆ ಮಗುವಿಗೆ ಆಗುತ್ತೆ." "ಪಪ್ಪಾಯ ತಿಂದಿದ್ದಾ?" "ಗ್ರಹಣದಲ್ಲಿ ಹೊರಗೆ ಬಂದಿದ್ದಾ?" ಕ್ರೋಮೋಸೋಮಿನ ಎಣಿಕೆ ನಿರ್ಧಾರ ಆಗುವುದು ಬಸುರು ಕಟ್ಟುವ ಹೊತ್ತಿನಲ್ಲೇ. ಮುಟ್ಟು ನಿಂತದ್ದು ನಮಗೆ ಗೊತ್ತಾಗುವ ಮೊದಲೇ ಅದು ಮುಗಿದಿರುತ್ತೆ. ನೀವು ಇವತ್ತು ಅತ್ತರೂ ನಕ್ಕರೂ ರಿಪೋರ್ಟ್ ಬದಲಾಗಲ್ಲ. ನನಗೆ ಡಾಕ್ಟರು ಹೇಳಿದ್ದರಲ್ಲಿ ಅತಿ ಹೆಚ್ಚು ಸಮಾಧಾನ ಕೊಟ್ಟದ್ದು ಇದೇ. ಅಲ್ಲಿಯವರೆಗೆ ಅಳುವುದಕ್ಕೂ ಹೆದರುತ್ತಿದ್ದೆ.

ಇನ್ನೊಂದು ಪ್ರಶ್ನೆ ಗ್ಯಾರಂಟಿ: "ಅಷ್ಟು ದುಡ್ಡಿನ ಟೆಸ್ಟು, ಗಂಡೋ ಹೆಣ್ಣೋ ಹೇಳಿದ್ರಾ?" ಹೇಳಲ್ಲ. 1994ರ ಕಾಯ್ದೆ ಪ್ರಕಾರ ಅದು ಅಪರಾಧ, ರಿಪೋರ್ಟಿನಲ್ಲಿ ಆ ಸಾಲೇ ಇರಲ್ಲ. ಕೇಳಿದವರಿಗೆ ಒಂದೇ ವಾಕ್ಯ ಹೇಳಿ ಮುಗಿಸಿ.

ಯಾರಿಗೆಲ್ಲ ಹೇಳಬೇಕು? ನಾನು ನಾಲ್ಕು ಜನಕ್ಕೆ ಹೇಳಿದೆ, ಒಬ್ಬರು ಜಾಸ್ತಿ ಆಯಿತು. ಆ ಒಬ್ಬರು ದಿನಾ "ಬಂತಾ? ಬಂತಾ?" ಅಂತ ಕೇಳಿ ಜೀವ ತಿಂದರು. ಹೇಳುವಾಗಲೇ ಹೇಳಿಬಿಡಿ: ಬಂದಾಗ ನಾನೇ ಹೇಳ್ತೀನಿ, ಅಲ್ಲಿವರೆಗೆ ಕೇಳಬೇಡಿ.

"ಮತ್ತೆ ರಕ್ತ ಕೊಡಬೇಕು ಮೇಡಂ"

ಜುಲೈ 22ಕ್ಕೆ ಅಕ್ಕನಿಗೆ ಫೋನ್ ಬಂತು. ರಿಪೋರ್ಟ್ ಬಂದಿಲ್ಲ, ಸ್ಯಾಂಪಲ್ ಸಾಲಲ್ಲ, ಮತ್ತೆ ರಕ್ತ ಬೇಕು. ನನಗೆ ಕಾಲಿನ ಕೆಳಗೆ ನೆಲ ಕುಸಿದ ಹಾಗಾಯಿತು. ಇದು ನಿಮಗೂ ಆಗಬಹುದು, ಅದಕ್ಕೇ ಹೇಳುತ್ತಿದ್ದೇನೆ. ತಾಯಿಯ ರಕ್ತದಲ್ಲಿ ತೇಲುವ ಡಿಎನ್‌ಎ ಚೂರುಗಳಲ್ಲಿ ಒಂದು ಪಾಲು ಮಾಸಿನಿಂದ ಬಂದದ್ದು. ಆ ಪಾಲು ಶೇಕಡ 4ರಷ್ಟಾದರೂ ಇರಬೇಕು ಅಂತ ಬಹಳ ಲ್ಯಾಬುಗಳು ನೋಡ್ತಾರೆ. ಕಡಿಮೆ ಇದ್ದರೆ ಉತ್ತರ ಕೊಡಲ್ಲ. ತೂಕ ಜಾಸ್ತಿ ಇದ್ದವರಿಗೆ, ಬೇಗ ರಕ್ತ ಕೊಟ್ಟವರಿಗೆ ಹೀಗೆ ಆಗೋದು ಹೆಚ್ಚು. ನಾನು 74 ಕೆಜಿ. ಬಹಳ ಜನಕ್ಕೆ ಎರಡನೇ ಸಲಕ್ಕೆ ಉತ್ತರ ಸಿಗುತ್ತೆ. ಎರಡನೇ ಸಲವೂ ಸಿಗದಿದ್ದರೆ ಡಾಕ್ಟರ ಜೊತೆ ಕೂತು ಬೇರೆ ದಾರಿ ಮಾತಾಡಬೇಕು, ಸುಮ್ನೆ ಬಿಡಬಾರದು. ಮರು ಪರೀಕ್ಷೆಗೆ ಮತ್ತೆ ದುಡ್ಡು ಕೊಡಬೇಕಾ ಅಂತ ಮೊದಲ ದಿನವೇ ಕೇಳಿಟ್ಟುಕೊಳ್ಳಿ. ನನ್ನ ಹತ್ತಿರ ಅವರು ಮತ್ತೆ ದುಡ್ಡು ಕೇಳಲಿಲ್ಲ.

24ಕ್ಕೆ ಮತ್ತೆ ತೋಳು ಚಾಚಿದೆ. ಆ ವರ್ಷ ಅಧಿಕ ಶ್ರಾವಣ ಬೇರೆ. ನಮಗೆ ಕಾಯೋದೂ ಅಧಿಕ ಅಂತ ನಮ್ಮನೆಯವರು ನಗಿಸೋಕೆ ನೋಡಿದರು. ನಾನು ನಗಲಿಲ್ಲ.

ಉತ್ತರ ಬೇರೆ ಥರ ಬಂದರೆ

ಇದನ್ನು ರಿಪೋರ್ಟ್ ಬರುವ ಮೊದಲೇ ತಿಳಿದುಕೊಳ್ಳಿ. ಬಂದ ಮೇಲೆ ಕಿವಿಗೆ ಏನೂ ಹೋಗಲ್ಲ. ಆಗಿನ ನನ್ನ ದೊಡ್ಡ ಭಯ ಅಂದರೆ ದಿನ ಮೀರಿಹೋಗುತ್ತೆ ಅನ್ನೋದು. ದಿನಗಳನ್ನು ಬರೆದು ನೋಡಿದೆ, ಇನ್ನೂ ಜಾಗ ಇತ್ತು.

ಎನ್‌ಐಪಿಟಿಯಲ್ಲಿ ಪಾಸಿಟಿವ್ ಬಂದರೂ ಅದು ಕೊನೆಯ ಮಾತಲ್ಲ. ಆಮ್ನಿಯೋ ಮಾಡಿಸದೆ ಯಾವ ತೀರ್ಮಾನಕ್ಕೂ ಹೋಗಬೇಡಿ. 15 ವಾರ ಆದ ಮೇಲೆ, ಸ್ಕ್ಯಾನ್ ನೋಡಿಕೊಂಡು ತೆಳ್ಳನೆ ಸೂಜಿಯಲ್ಲಿ ಗರ್ಭದ ನೀರು ಸ್ವಲ್ಪ ತೆಗೀತಾರೆ. ಅದರಿಂದ ಬಸುರು ಇಳಿಯುವ ಸಾಧ್ಯತೆ ಅನುಭವಿ ಕೈಯಲ್ಲಿ 200ಕ್ಕೆ 1ಕ್ಕಿಂತ ಕಡಿಮೆ. ಮುಖ್ಯ ಕ್ರೋಮೋಸೋಮುಗಳ ಬೇಗದ ಉತ್ತರ ಕೆಲವೇ ದಿನಕ್ಕೆ, ಪೂರ್ತಿ ಉತ್ತರ 2ರಿಂದ 3 ವಾರಕ್ಕೆ. ಆಮ್ನಿಯೋ ಆದ ಮೇಲೆ ಜ್ವರ, ರಕ್ತ, ನೀರು ಸೋರುವುದು, ಬಿಡದ ಹೊಟ್ಟೆನೋವು, ಇದರಲ್ಲಿ ಒಂದಿದ್ದರೂ ತಕ್ಷಣ ಆಸ್ಪತ್ರೆಗೆ.

ಕಾನೂನು ಹೀಗಿದೆ: 2021ರ ತಿದ್ದುಪಡಿ ಪ್ರಕಾರ ಗರ್ಭಪಾತಕ್ಕೆ 20 ವಾರದವರೆಗೆ ಒಬ್ಬ ಡಾಕ್ಟರ ಅಭಿಪ್ರಾಯ ಸಾಕು. 20ರಿಂದ 24ರವರೆಗೆ ಕೆಲವು ವರ್ಗದವರಿಗೆ ಇಬ್ಬರು ಡಾಕ್ಟರು ಒಪ್ಪಬೇಕು, ಮಗುವಿನಲ್ಲಿ ಗಂಭೀರ ತೊಂದರೆ ಇರುವುದು ಅದರಲ್ಲಿ ಸೇರುತ್ತೆ. 24 ದಾಟಿದರೆ ಮೆಡಿಕಲ್ ಬೋರ್ಡ್, ಅಂದರೆ ಡಾಕ್ಟರುಗಳ ತಂಡ, ಒಪ್ಪಬೇಕು. ಹೀಗೆ ತಿಳಿದುಕೊಂಡರೆ ತೆಗೆಸುತ್ತೀನಿ ಅಂತ ಅರ್ಥ ಅಲ್ಲ. ಇಟ್ಟುಕೊಳ್ಳುತ್ತೇವೆ, ಆದರೆ ಮೊದಲೇ ಗೊತ್ತಿದ್ದರೆ ತಯಾರಾಗಬಹುದು ಅನ್ನುವವರೂ ಇದ್ದಾರೆ. ಅದು ಗಂಡ ಹೆಂಡತಿ ಕೂತು ಮಾತಾಡುವ ವಿಷಯ, ಬೀದಿಯದ್ದಲ್ಲ. ಬೆಂಗಳೂರಿನಲ್ಲಿ ಇದಕ್ಕೇ ಜೆನೆಟಿಕ್ ಕೌನ್ಸೆಲಿಂಗ್ ಇದೆ, ಡಾಕ್ಟರ ಹತ್ತಿರ ಚೀಟಿ ಬರೆಸಿಕೊಳ್ಳಿ. ಕೋಲಾರದಿಂದ ಸರ್ಕಾರಿ ಬಸ್ಸಿಗೆ ಆಧಾರ್ ತೋರಿಸಿದರೆ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ. ಖಾಸಗಿಯಲ್ಲಿ ಕೇಳೋಕೆ ದುಡ್ಡಿಲ್ಲದಿದ್ದರೆ ತಿಂಗಳ 9ನೇ ತಾರೀಕು ಸರ್ಕಾರಿ ಆಸ್ಪತ್ರೆಗೆ ಹೋಗಿ, ಆವತ್ತು ಬಸುರಿಯರಿಗೆ ಉಚಿತ ತಪಾಸಣೆ. ದಾರಿ ಗೊತ್ತಿಲ್ಲದಿದ್ದರೆ ನಿಮ್ಮ ಆಶಾ ಕಾರ್ಯಕರ್ತೆಯನ್ನು ಕೇಳಿ.

ಇನ್ನು ಮನಸ್ಸು ಯಾವ ಲೆಕ್ಕಕ್ಕೂ ಬಗ್ಗದಿದ್ದರೆ? ಸಾಲಾಗಿ ಐದಾರು ರಾತ್ರಿ ನಿದ್ದೆ ಇಲ್ಲ, ಊಟ ಸೇರಲ್ಲ, ಬದುಕೇ ಬೇಡ ಅನಿಸುತ್ತೆ, ಹಾಗಿದ್ದರೆ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ, ದಿನದ ಯಾವ ಹೊತ್ತಾದರೂ ಸರಿ, ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ. ನಾನು ಒಂದು ಸಲ ಮಾಡಿದ್ದೆ, ರಾತ್ರಿ 3ಕ್ಕೆ, ಬಚ್ಚಲುಮನೆಯಲ್ಲಿ ನಿಂತು. ಹೇಳಿದ್ದಕ್ಕಿಂತ ಅತ್ತದ್ದು ಜಾಸ್ತಿ. ಆ ಕಡೆಯ ಹೆಂಗಸು ಕಾದರು.

ಬಂದ ಮೇಲೆ

ಆಗಸ್ಟ್ 3, ಗುರುವಾರ. ಸಂಜೆ 4ಕ್ಕೆ ಅಕ್ಕನ ಫೋನು. "ಲೋ ರಿಸ್ಕ್ ಕಣೇ. ಡಾಕ್ಟರ ಹತ್ತಿರ ಮಾತಾಡಿದೆ." ಖಾಲಿ ಬಾಕ್ಸುಗಳ ಅಟ್ಟಿ ಹಿಂದೆ ಹೋಗಿ ನಿಂತೆ. ಸಂತೋಷ ಆಗಬೇಕಿತ್ತು, ಆಗಲಿಲ್ಲ. ಕೈ ನಡುಗುತ್ತಿತ್ತು. ವಾಪಸ್ ಬಂದು ಬರೆದ ಬಿಲ್ಲಿನಲ್ಲಿ 38 ಬಾಕ್ಸು 83 ಆಗಿತ್ತು, ರೈತ ಹಿಡಿದು ತೋರಿಸಿದ. ಭಯ ಇಳಿಯೋಕೆ ಇನ್ನೂ ಎರಡು ವಾರ ಹಿಡಿಯಿತು. ಒಳ್ಳೆಯ ಸುದ್ದಿ ಬಂದ ಮೇಲೂ ಹೀಗಿದ್ದರೆ ನಿಮಗೇನೋ ಆಗಿದೆ ಅಂತ ಅಂದುಕೊಳ್ಳಬೇಡಿ.

ಆಮೇಲೆ ಅನಾಮಲಿ ಸ್ಕ್ಯಾನ್ ಇರುತ್ತೆ, 18ರಿಂದ 20 ವಾರದಲ್ಲಿ. ಇದರಲ್ಲಿ ಹೃದಯ, ಬೆನ್ನುಮೂಳೆ, ಕಿಡ್ನಿ ಎಲ್ಲ ಒಂದೊಂದಾಗಿ ನೋಡ್ತಾರೆ, ಸಮಯ ಹಿಡಿಯುತ್ತೆ. ನನ್ನದು ಆಗಸ್ಟ್ 24ಕ್ಕೆ, ಚಂದ್ರಯಾನ ಇಳಿದ ಮಾರನೇ ದಿನ. ಖಾಲಿ ಹೊಟ್ಟೆಯಲ್ಲಿ ಬರಬೇಕು ಅಂತ ಅವರು ಹೇಳದಿದ್ದರೆ ತಿಂಡಿ ತಿಂದೇ ಹೋಗಿ. ಮಗು ಬೆನ್ನು ತಿರುಗಿಸಿ ಮಲಗಿದ್ದರೆ "ಹೊರಗೆ ಸ್ವಲ್ಪ ಓಡಾಡಿ ಬನ್ನಿ" ಅಂತ ಕಳಿಸ್ತಾರೆ. ನನ್ನನ್ನು ಎರಡು ಸಲ ಕಳಿಸಿದರು. ಮೊದಲ ಸಲ ಎದೆ ಝಲ್ಲೆಂದು ಕಾರಿಡಾರಿನಲ್ಲಿ ಗೋಡೆ ಹಿಡಿದು ನಿಂತೆ. ಎರಡನೇ ಸಲ ಎದುರಿನ ಹೋಟೆಲಿಗೆ ಹೋಗಿ ಒಂದು ಪ್ಲೇಟ್ ಇಡ್ಲಿ ತಿಂದು ಬಂದೆ.